ಊರಾಚೆಯ ಹೊಸ ಬಡಾವಣೆ: ಅಗ್ಗದ ಸೈಟು, ದುಬಾರಿ ಬದುಕು

(ಸಂಘದ ವಾರ್ಷಿಕ ಸಮಾರಂಭದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಶಿಕ್ಷಣ ಸಂಘದ ವೇದಿಕೆಯಲ್ಲಿ ಮನೆ, ಸೈಟು, ಬಡಾವಣೆಗಳ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನಿಸಬಹುದು. ಮಗುವಿನ ಓದು ಶಾಲೆಯ ಬಾಗಿಲಲ್ಲಿ ಆರಂಭವಾಗುವುದಿಲ್ಲ, ಮನೆಯ ಬಾಗಿಲಲ್ಲಿ ಆರಂಭವಾಗುತ್ತದೆ. ಆ ಎರಡು ಬಾಗಿಲುಗಳ ನಡುವೆ ಎಷ್ಟು ದೂರವಿದೆ, ಎಂಥ ದಾರಿಯಿದೆ ಎಂಬುದು ನಮ್ಮ ಮಕ್ಕಳ ಭವಿಷ್ಯಕ್ಕೆ ಸಂಬಂಧಿಸಿದ ವಿಷಯ. ಆದ್ದರಿಂದ ಬೆಂಗಳೂರಿನ ಸುತ್ತ ಎದ್ದಿರುವ, ಈಗಲೂ ಏಳುತ್ತಿರುವ ಹೊಸ ಬಡಾವಣೆಗಳ ಬದುಕಿನ ಬಗ್ಗೆ ನಾಲ್ಕು ಮಾತು ಹೇಳಲು ಬಯಸುತ್ತೇನೆ.

ಜನ ಊರಾಚೆಗೆ ಹೋಗುವುದು ಹುಚ್ಚಿನಿಂದಲ್ಲ. ಶಿವಾಜಿನಗರ, ಕಲಾಸಿಪಾಳ್ಯ, ಚಾಮರಾಜಪೇಟೆಗಳ ಗಲ್ಲಿಗಳಲ್ಲಿ ಒಂದೇ ಮನೆ ಅಣ್ಣತಮ್ಮಂದಿರ ನಡುವೆ ಪಾಲಾಗುತ್ತಾ ಬಂದು ಕಡೆಗೆ ಒಬ್ಬೊಬ್ಬರಿಗೆ ಒಂದು ಕೋಣೆಯಷ್ಟೇ ಉಳಿಯುತ್ತದೆ. ಬಾಡಿಗೆ ವರ್ಷವರ್ಷವೂ ಏರುತ್ತದೆ. ಊರೊಳಗೆ ಸೈಟು ಕೊಳ್ಳುವ ಶಕ್ತಿ ಸಂಬಳದಾರನಿಗೂ ಇಲ್ಲ, ಸಣ್ಣ ವ್ಯಾಪಾರಿಗೂ ಇಲ್ಲ. ಆಗ ಇಪ್ಪತ್ತು ಕಿಲೋಮೀಟರ್ ಆಚೆ ಮೂವತ್ತು-ನಲವತ್ತರ ಒಂದು ಸೈಟು ಕೈಗೆಟುಕುವಂತೆ ಕಂಡರೆ ಯಾರಿಗೆ ಆಸೆಯಾಗುವುದಿಲ್ಲ? ಗಾಳಿ ಬೆಳಕಿನ ಮನೆ, ತನ್ನ ಹೆಸರಿನ ನೆಲ, ಮುಂದೆ ಒಂದು ನುಗ್ಗೆ ಗಿಡ. ಈ ಕನಸಿನಲ್ಲಿ ತಪ್ಪೇನೂ ಇಲ್ಲ.

ದೂರವೂ ಅಷ್ಟಕ್ಕೇ ದೋಷವಲ್ಲ. ಇಂದು ನಾವು ನಗರದ ಹೃದಯವೆನ್ನುವ ಬಸವನಗುಡಿ, 1898ರ ಪ್ಲೇಗಿನ ಕಾಲದಲ್ಲಿ ಜನ ಇಕ್ಕಟ್ಟಿನ ಪೇಟೆ ಬಿಟ್ಟು ಹೊರಬಂದಾಗ ಬೆಳೆದ ಹೊರವಲಯವೇ. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರವೂ ಅಂದು ಊರಾಚೆಯೇ. ಆದರೆ ಅಲ್ಲಿ ಅಗಲವಾದ ರಸ್ತೆ, ಉದ್ಯಾನ, ಆಟದ ಬಯಲು, ಮಾರುಕಟ್ಟೆಗಳಿಗೆ ನಕ್ಷೆಯಲ್ಲಿಯೇ ಜಾಗ ಬಿಡಲಾಗಿತ್ತು. ಇಂದಿನ ಅನೇಕ ಬಡಾವಣೆಗಳಲ್ಲಿ ಮೊದಲು ಸೈಟು ಮಾರಾಟ, ಆಮೇಲೆ ಮನೆ, ಉಳಿದದ್ದೆಲ್ಲ ದೇವರಿಚ್ಛೆ! ನಾನು ದೋಷವೆನ್ನುವುದು ಈ ಕ್ರಮಭಂಗವನ್ನು.

ಮೊದಲು ನೀರಿನ ವಿಚಾರ ನೋಡೋಣ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿಯಿಂದ ಪಂಪುಗಳ ಬಲದಿಂದ ಏರಿ ಬರಬೇಕು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಸುತ್ತಲಿನ 7 ನಗರಸಭೆ, 1 ಪುರಸಭೆ ಮತ್ತು 110 ಹಳ್ಳಿಗಳು ನಗರಕ್ಕೆ ಸೇರಿದವು. ಆ 110 ಹಳ್ಳಿಗಳಿಗಾಗಿ ರೂಪಿಸಿದ, ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಕಾವೇರಿ 5ನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವೆ ಹದಿನೇಳು ವರ್ಷ! ವಿದ್ಯಾರ್ಥಿಗಳೇ, 2007ರಲ್ಲಿ ಒಂದನೇ ತರಗತಿಗೆ ಸೇರಿದ ಮಗು ಆ ಹೊತ್ತಿಗೆ ಪದವಿಯನ್ನೂ ಮುಗಿಸಿರುತ್ತದೆ. ಆ ಭಾಗದ ಬಹುಪಾಲು ಮನೆಗಳ ಮಕ್ಕಳು ತಮ್ಮ ಇಡೀ ವಿದ್ಯಾರ್ಥಿ ಜೀವನವನ್ನು ಕೊಳವೆ ಬಾವಿ ಮತ್ತು ಟ್ಯಾಂಕರ್ ನೀರಿನಲ್ಲೇ ಕಳೆದರು.

ಟ್ಯಾಂಕರಿನ ಲೆಕ್ಕವನ್ನೂ ಹಾಕೋಣ. 2024ರ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಬತ್ತಿ ಹಾಹಾಕಾರ ಎದ್ದಾಗ ಜಿಲ್ಲಾಡಳಿತವೇ ದರ ಗೊತ್ತುಮಾಡಿತು. 5 ಕಿಲೋಮೀಟರ್ ಒಳಗಾದರೆ 6,000 ಲೀಟರಿನ ಟ್ಯಾಂಕರಿಗೆ 600 ರೂಪಾಯಿ. ನಗರವಾಸಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ಒಪ್ಪಿತ ಮಾನದಂಡ. ಐದು ಜನರ ಮನೆಗೆ ತಿಂಗಳಿಗೆ ಇಪ್ಪತ್ತು ಸಾವಿರ ಲೀಟರ್ ದಾಟುತ್ತದೆ. ಅಂದರೆ ಸರ್ಕಾರಿ ದರದಲ್ಲೇ ತಿಂಗಳಿಗೆ ಎರಡು ಸಾವಿರ ರೂಪಾಯಿ ನೀರಿಗೇ ಹೋಯಿತು. ಸೈಟು ಕೊಳ್ಳುವಾಗ ಬ್ಯಾಂಕಿನ ಕಂತಿನ ಲೆಕ್ಕ ಎಲ್ಲರೂ ಹಾಕುತ್ತೇವೆ. ಈ ಕಂತಿನ ಲೆಕ್ಕ ಹಾಕಿದವರು ಎಷ್ಟು ಮಂದಿ?

ಒಳಬರುವ ನೀರಿನ ಕಥೆ ಇದಾದರೆ ಹೊರಹೋಗುವ ನೀರಿನದು ಇನ್ನೊಂದು. ಒಳಚರಂಡಿ ಇಲ್ಲದ ಕಡೆ ಪ್ರತಿ ಮನೆಗೂ ಒಂದು ಶೌಚಗುಂಡಿ. ಪಕ್ಕದ ಸೈಟಿನಲ್ಲಿ ಕೊಳವೆ ಬಾವಿ. ಗುಂಡಿಯ ಕೊಳೆ ಭೂಮಿಗೆ ಇಳಿದು ಬಾವಿಯ ನೀರನ್ನು ಸೇರುವುದಕ್ಕೆ ಯಾರ ಅಪ್ಪಣೆಯೂ ಬೇಡ. ಮಳೆಗಾಲದ ಮಾತಂತೂ ಹೇಳುವುದೇ ಬೇಡ. ಕೆರೆಯ ಅಂಚು, ರಾಜಕಾಲುವೆಯ ದಾರಿ ನೋಡದೆ ಎಬ್ಬಿಸಿದ ಬಡಾವಣೆಗೆ ನೀರು ತನ್ನ ಹಳೆಯ ದಾರಿ ಹುಡುಕಿಕೊಂಡು ಬರುತ್ತದೆ. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆ, ಯಮಲೂರು ಕಡೆ ಕೋಟ್ಯಧೀಶರ ಮನೆಗಳೂ ಮುಳುಗಿ, ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರತಂದದ್ದನ್ನು ನಾವೆಲ್ಲ ಕಂಡಿದ್ದೇವೆ. ಹಣವಂತರು ಹೋಟೆಲಿಗೆ ಹೋದರು. ಸಾಲ ಮಾಡಿ ಮನೆ ಕಟ್ಟಿದವನು ಎಲ್ಲಿಗೆ ಹೋಗಬೇಕು?

ಇನ್ನು ನಮ್ಮ ಸಂಘಕ್ಕೆ ಅತ್ಯಂತ ಹತ್ತಿರದ ವಿಷಯ, ಕಾಲದ ವಿಷಯ. ಹೊಸ ಬಡಾವಣೆಯಿಂದ ಬಸ್ಸು ಸಿಗುವ ಮುಖ್ಯರಸ್ತೆಗೆ ಇಪ್ಪತ್ತು ನಿಮಿಷದ ನಡಿಗೆ, ಕಾಯುವುದು ಒಂದಷ್ಟು, ಪ್ರಯಾಣ ಒಂದಷ್ಟು. ಒಟ್ಟು ಒಂದೂಕಾಲು ಗಂಟೆ ಎಂದಿಟ್ಟುಕೊಳ್ಳಿ. ಹೋಗಿ ಬರಲು ಎರಡೂವರೆ ಗಂಟೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ 6ರಿಂದ 8ನೇ ತರಗತಿಗೆ ವರ್ಷಕ್ಕೆ 220 ದಿನ, 1,000 ಗಂಟೆಗಳ ಬೋಧನೆ ನಡೆಯಬೇಕು. ಎರಡೂವರೆ ಗಂಟೆಯನ್ನು 220ರಿಂದ ಗುಣಿಸಿ ನೋಡಿ. 550 ಗಂಟೆ! ಪಾಠ ಕೇಳುವ ಕಾಲದ ಅರ್ಧಕ್ಕಿಂತ ಹೆಚ್ಚನ್ನು ಆ ಮಗು ರಸ್ತೆಯಲ್ಲಿ ಕಳೆಯುತ್ತದೆ. ಆಟ, ನಿದ್ದೆ, ಓದು, ತಂದೆ ತಾಯಿಯೊಡನೆ ಕೂತು ಉಣ್ಣುವ ಹೊತ್ತು, ಇವುಗಳಿಂದಲೇ ಆ ಗಂಟೆಗಳನ್ನು ಕಿತ್ತುಕೊಳ್ಳಬೇಕು. ಅಗ್ಗವಾಗಿ ಸಿಕ್ಕಿದ ಸೈಟಿನ ಉಳಿದ ಬೆಲೆಯನ್ನು ಕಟ್ಟುತ್ತಿರುವುದು ಆ ಮಗು.

ಅದರಲ್ಲೂ ಹೆಣ್ಣುಮಕ್ಕಳ ಪಾಡನ್ನು ಪ್ರತ್ಯೇಕವಾಗಿ ಹೇಳಬೇಕು. ನಮ್ಮ ರಾಜ್ಯದ ನಿಯಮದಂತೆ ಐದನೇ ತರಗತಿವರೆಗಿನ ಶಾಲೆ 1 ಕಿಲೋಮೀಟರಿನಲ್ಲಿ, ಎಂಟರವರೆಗಿನದು 3 ಕಿಲೋಮೀಟರಿನಲ್ಲಿ ಇರಬೇಕು. ಪ್ರೌಢಶಾಲೆ ಮುಗಿಸಿ ಪಿಯುಸಿಗೆ ಬಂದಾಗ ಇಂಥ ಯಾವ ಭರವಸೆಯೂ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚಿಲ್ಲ. ಇದು ಬಹಳ ಒಳ್ಳೆಯ ಕೆಲಸ. ಆದರೆ ಬಸ್ಸೇ ಬಾರದ ಬಡಾವಣೆಗೆ ಉಚಿತ ಟಿಕೆಟ್ಟಿನಿಂದ ಏನು ಫಲ? ಸಂಜೆ ಆರೂವರೆಗೆ ಮುಖ್ಯರಸ್ತೆಯಲ್ಲಿ ಇಳಿದ ಹುಡುಗಿ ದೀಪವಿಲ್ಲದ ದಾರಿಯಲ್ಲಿ, ಖಾಲಿ ಸೈಟುಗಳ ಪೊದೆಗಳ ನಡುವೆ, ಬೀದಿನಾಯಿಗಳನ್ನು ದಾಟಿಕೊಂಡು ಮನೆ ಸೇರಬೇಕು. ತಂದೆ ಅಂಗಡಿ ಬಿಟ್ಟು ದಿನವೂ ಕರೆತರಲಾರ. ಕೆಲವು ತಿಂಗಳ ನಂತರ ಮನೆಯಲ್ಲಿ ಒಂದು ಮಾತು ಹುಟ್ಟುತ್ತದೆ: "ಇಷ್ಟು ಓದಿದ್ದು ಸಾಕಲ್ಲ ಮಗಳೇ." ಯಾರೂ ಅವಳ ಓದಿಗೆ ವಿರೋಧಿಗಳಲ್ಲ. ಆದರೂ ಓದು ನಿಲ್ಲುತ್ತದೆ. ನಿಲ್ಲಿಸಿದ್ದು ಆ ಅರ್ಧ ಮೈಲಿ ಕತ್ತಲು. ಶಿಕ್ಷಣಕ್ಕಾಗಿಯೇ ಹುಟ್ಟಿದ ನಮ್ಮಂಥ ಸಂಘ ಈ ಅರ್ಧ ಮೈಲಿಯ ಬಗ್ಗೆ ಯೋಚಿಸದೆ ಇರಲು ಸಾಧ್ಯವೇ?

ಹಗಲಿನ ಒಂಟಿತನವೂ ಸಣ್ಣದಲ್ಲ. ಹಳೆಯ ಗಲ್ಲಿಯಲ್ಲಿ ಜಾಗ ಇಕ್ಕಟ್ಟು, ಆದರೆ ಜಗಲಿಯ ಮೇಲೆ ಕೂತ ಅಜ್ಜನನ್ನು ಹತ್ತು ಜನ ಮಾತನಾಡಿಸುತ್ತಿದ್ದರು. ಅಂಗಡಿಯವನು ಲೆಕ್ಕ ಬರೆದುಕೊಂಡು ಸಾಮಾನು ಕೊಡುತ್ತಿದ್ದ. ತಾಯಿಗೆ ಜ್ವರ ಬಂದರೆ ಪಕ್ಕದ ಮನೆಯಿಂದ ಗಂಜಿ ಬರುತ್ತಿತ್ತು. ಹೊಸ ಬಡಾವಣೆಯಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ನಾಲ್ಕು ಖಾಲಿ ಸೈಟು. ಬೆಳಗ್ಗೆ ಎಂಟಕ್ಕೆ ದುಡಿಯುವವರೆಲ್ಲ ಹೊರಟರೆ ಉಳಿಯುವವರು ಮುದುಕರು ಮತ್ತು ಕೈಗೂಸಿನ ತಾಯಂದಿರು. ಎದೆನೋವೆಂದು ಆಂಬುಲೆನ್ಸ್ ಕರೆದರೆ ಹೇಳಲು ರಸ್ತೆಗೆ ಹೆಸರಿಲ್ಲ, ಮನೆಗೆ ಸರಿಯಾದ ನಂಬರಿಲ್ಲ.

ಕಾಗದ ಪತ್ರಗಳ ಕಷ್ಟವನ್ನೂ ಮರೆಯಬಾರದು. ಕೃಷಿ ಭೂಮಿಯಲ್ಲಿ ಮನೆ ಕಟ್ಟಬೇಕಾದರೆ 1964ರ ಭೂಕಂದಾಯ ಕಾಯಿದೆಯ 95ನೇ ಕಲಮಿನಡಿ ಭೂಪರಿವರ್ತನೆ ಆಗಿರಬೇಕು. ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಬೇಕು. 500 ಚದರ ಮೀಟರಿಗಿಂತ ದೊಡ್ಡ ಬಡಾವಣೆಯಾದರೆ, 2016ರ ರೇರಾ ಕಾಯಿದೆಯಂತೆ ನೋಂದಣಿಯಾಗದೆ ಸೈಟು ಮಾರುವಂತಿಲ್ಲ. ಇವಿಲ್ಲದೆ ಮಾರಿದ ರೆವಿನ್ಯೂ ಸೈಟುಗಳಲ್ಲಿ ಉದ್ಯಾನಕ್ಕೂ ಜಾಗವಿಲ್ಲ, ಶಾಲೆಗೂ ಜಾಗವಿಲ್ಲ. ಬ್ಯಾಂಕಿನ ಸಾಲಕ್ಕೂ ತೊಡಕು. ಸರ್ಕಾರಿ ಬಡಾವಣೆಯಾದರೆ ಎಲ್ಲವೂ ಸಲೀಸು ಎಂದೂ ಅಲ್ಲ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ನಾಡಪ್ರಭು ಕೆಂಪೇಗೌಡ ಬಡಾವಣೆಯಲ್ಲಿ 2016ರಲ್ಲಿ ಸೈಟು ಪಡೆದವರು ರಸ್ತೆ, ನೀರು, ವಿದ್ಯುತ್ತಿಗಾಗಿ ಆಮೇಲೆ ವರ್ಷಗಟ್ಟಲೆ ಹೋರಾಡಬೇಕಾಯಿತು. ಕಚೇರಿಗಳ ಬೋರ್ಡುಗಳೂ ಬದಲಾಗುತ್ತಿರುತ್ತವೆ. 2007ರ ಮಹಾನಗರ ಪಾಲಿಕೆ ಹೋಗಿ 2025ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾದವು. ಗಡಿಯಾಚೆಗೆ ಇನ್ನೂ ಗ್ರಾಮ ಪಂಚಾಯಿತಿ. ತನ್ನ ಚರಂಡಿ ಯಾರ ಪಾಲಿನದು ಎಂದು ತಿಳಿಯುವುದೇ ನಿವಾಸಿಗೆ ಒಂದು ವಿದ್ಯೆಯಾಗಿದೆ.

ಹಾಗಾದರೆ ಏನು ಮಾಡಬೇಕು? ಇರುವ ಮನೆ ಬಿಟ್ಟು ಬನ್ನಿ ಎಂದು ಹೇಳುವುದು ಸುಲಭ, ಆದರೆ ಅದು ಪರಿಹಾರವಲ್ಲ. ಸೈಟು ಕೊಳ್ಳಲು ಹೊರಟಿರುವ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟು. ಭಾನುವಾರ ಬೆಳಗ್ಗೆ ಏಜೆಂಟರ ಕಾರಿನಲ್ಲಿ ಹೋಗಿ ನೋಡಬೇಡಿ. ವಾರದ ದಿನ ಸಂಜೆ ಆರು ಗಂಟೆಗೆ ಬಸ್ಸಿನಲ್ಲಿ ಹೋಗಿ, ಮಳೆ ಬಂದ ಮರುದಿನ ಇನ್ನೊಮ್ಮೆ ಹೋಗಿ. ಅಲ್ಲಿ ಈಗಾಗಲೇ ವಾಸವಿರುವವರನ್ನು ನೀರಿನ ಬಗ್ಗೆ ಕೇಳಿ. ಪತ್ರಗಳನ್ನು ವಕೀಲರಿಗೆ ತೋರಿಸಿ. ಎಲ್ಲಕ್ಕಿಂತ ಮೊದಲು ಮನೆಯಲ್ಲಿ ಓದುತ್ತಿರುವ ಮಗಳನ್ನು ಆ ದಾರಿಯಲ್ಲಿ ನಡೆಸಿಕೊಂಡು ಹೋಗಿ ಅವಳ ಅಭಿಪ್ರಾಯ ಕೇಳಿ. ಆ ಮನೆಯ ಬೆಲೆಯಲ್ಲಿ ಅವಳ ಪಾಲೂ ಇದೆ.

ಈಗಾಗಲೇ ಹೋಗಿ ನೆಲೆಸಿರುವವರು ಒಬ್ಬೊಬ್ಬರಾಗಿ ಗೊಣಗುವುದರಿಂದ ಏನೂ ಆಗದು. ಹತ್ತು ಮನೆಯಾದರೂ ಸಾಕು, ಜಾತಿ ಮತ ನೋಡದೆ ನಿವಾಸಿಗಳ ಸಂಘ ಕಟ್ಟಿಕೊಳ್ಳಿ. ಪಕ್ಕದ ಹಳೆಯ ಹಳ್ಳಿಯನ್ನು ಬೇಲಿಯಾಚೆಯ ಊರೆಂದು ಭಾವಿಸಬೇಡಿ. ಹೊಲ ಕೊಟ್ಟವರು ಅವರು. ಶಾಲೆ ಇರುವುದೂ ಬಹುಪಾಲು ಅವರ ಊರಿನಲ್ಲೇ. ಆ ಸರ್ಕಾರಿ ಶಾಲೆಗೆ ನಿಮ್ಮ ಮಕ್ಕಳು ಸೇರಿದರೆ, ಶಾಲಾಭಿವೃದ್ಧಿ ಸಮಿತಿಯಲ್ಲಿ ನೀವು ಕೂತರೆ, ಶಾಲೆಯೂ ಉಳಿಯುತ್ತದೆ, ಮಕ್ಕಳ ಕಾಲವೂ ಉಳಿಯುತ್ತದೆ. ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಗ್ರಾಮಸಭೆಗೆ ತಪ್ಪದೆ ಹೋಗಿ ಬೀದಿದೀಪ ಕೇಳಿ.

ವಿದ್ಯಾರ್ಥಿ ಮಿತ್ರರೇ, ನಿಮಗೂ ಒಂದು ಕೆಲಸ ಹೇಳುತ್ತೇನೆ. ಬರುವ ರಜೆಯಲ್ಲಿ ನಿಮ್ಮ ಬಡಾವಣೆಯಲ್ಲಿ ಮನೆ ಮನೆಗೆ ಹೋಗಿ ನಾಲ್ಕು ಪ್ರಶ್ನೆ ಕೇಳಿ. ಓದುವ ಮಕ್ಕಳು ಎಷ್ಟು? ಯಾವ ಶಾಲೆ, ಕಾಲೇಜು? ಹೋಗಿ ಬರಲು ಎಷ್ಟು ಹೊತ್ತು? ಓದು ಬಿಟ್ಟವರು ಇದ್ದಾರೆಯೇ, ಏಕೆ? ಈ ಪಟ್ಟಿಯನ್ನು ಒಂದು ಕೈನಕ್ಷೆಯೊಡನೆ ಬಿಎಂಟಿಸಿ ಡಿಪೋಗೂ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಕೊಡಿ. "ನಮಗೆ ಬಸ್ಸು ಬೇಕು" ಎಂಬ ಅರ್ಜಿಗಿಂತ "ಬೆಳಗ್ಗೆ ಏಳೂವರೆಗೆ ಇಲ್ಲಿಂದ ನಲವತ್ಮೂರು ವಿದ್ಯಾರ್ಥಿಗಳು ಹೊರಡುತ್ತಾರೆ" ಎಂಬಂಥ ಲೆಕ್ಕಕ್ಕೆ ಹೆಚ್ಚು ಬೆಲೆಯಿದೆ. ಅದೇ ಪಟ್ಟಿಯ ಒಂದು ಪ್ರತಿಯನ್ನು ನಮ್ಮ ಸಂಘಕ್ಕೂ ಕೊಡಿ. ಓದು ಬಿಟ್ಟ ಹುಡುಗಿಯರ ಮನೆಗೆ ಹೋಗಿ ಮಾತನಾಡುವುದು, ಒಂದು ಕೋಣೆ ಹಿಡಿದು ಸಂಜೆ ಓದಿನ ವ್ಯವಸ್ಥೆ ಮಾಡುವುದು ಸಂಘದ ಶಕ್ತಿಗೆ ಮೀರಿದ್ದಲ್ಲ.

ಮನೆ ಕಟ್ಟುವುದು ಗಾರೆಯವರ ಕೆಲಸ. ಊರು ಕಟ್ಟುವುದು ಅಲ್ಲಿ ಬಾಳುವವರ ಕೆಲಸ. ನಮ್ಮ ಹಿರಿಯರು ಹಳೆಯ ಪೇಟೆಗಳಲ್ಲಿ ಆ ಕೆಲಸ ಮಾಡಿ ನಮಗೆ ಬಿಟ್ಟುಹೋದರು. ಊರಾಚೆಯ ಈ ಹೊಸ ನೆಲದಲ್ಲಿ ಅದನ್ನು ಮೊದಲಿನಿಂದ ಆರಂಭಿಸುವ ಸರದಿ ನಮ್ಮದು. ಮುಂದಿನ ವರ್ಷದ ಸಮಾರಂಭಕ್ಕೆ ತಾವು ಬರುವಾಗ ಒಂದೊಂದು ಬಡಾವಣೆಯ ಪಟ್ಟಿಯಾದರೂ ತಮ್ಮ ಕೈಯಲ್ಲಿರಲಿ ಎಂದು ಹಾರೈಸುತ್ತೇನೆ.