ಯಾರು ನೋಡ್ಕೊತಿದ್ರಿ?



ನಮ್ಮ ಮನೆ ಇರುವುದು ಬೆಂಗಳೂರಿನ ಹೊಸಹಳ್ಳಿಯಲ್ಲಿ. 2015ರ ನವೆಂಬರಿನಲ್ಲಿ ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯವರೆಗೆ ಮೆಟ್ರೋ ಓಡಲು ಶುರುವಾದ ಮೇಲೆ ಅದರ ಸದ್ದಿಗೆ ನಾವು ಎಷ್ಟು ಒಗ್ಗಿಹೋಗಿದ್ದೇವೆಂದರೆ, ದೊಡ್ಡವರಿಗೆ ಈಗ ಅದು ಕೇಳಿಸುವುದೂ ಇಲ್ಲ. ನಮ್ಮ ಮೊಮ್ಮಗನಿಗೆ ಮಾತ್ರ ಕೇಳಿಸುತ್ತದೆ. ಅವನಿಗೆ 14 ತಿಂಗಳು. ರೈಲು ಬಂತೆಂದರೆ ಕೈಯಲ್ಲಿದ್ದ ಬಿಸ್ಕತ್ತನ್ನು ಅಲ್ಲೇ ಬಿಸಾಕಿ, ಎರಡೂ ಕೈ ಮೇಲೆತ್ತಿಕೊಂಡು, ಹೊಟ್ಟೆ ಮುಂದೆ ಮಾಡಿಕೊಂಡು ಬಾಲ್ಕನಿಯ ಕಡೆ ಓಡುತ್ತಾನೆ. ಬಾಲ್ಕನಿ ಬಾಗಿಲಿಗೊಂದು ಹೊಸ್ತಿಲಿದೆ. ಅಲ್ಲಿ ಬೀಳುತ್ತಾನೆ. ಏಳುತ್ತಾನೆ. ಮುಂದಿನ ರೈಲಿಗೆ ಮತ್ತೆ ಬೀಳುತ್ತಾನೆ.

ಇದು ಅವನೊಬ್ಬನ ಕಥೆಯಲ್ಲ. ಹುಟ್ಟಿದ ಮಗುವಿನ ಉದ್ದದಲ್ಲಿ ಕಾಲುಭಾಗ ತಲೆಯೇ ಇರುತ್ತದೆ. ದೊಡ್ಡವರಲ್ಲಿ ಅದು ಹೆಚ್ಚುಕಡಿಮೆ ಎಂಟನೇ ಒಂದು ಪಾಲು. ನಡೆಯಲು ಕಲಿಯುವ ವಯಸ್ಸಿನಲ್ಲೂ ಭಾರವೆಲ್ಲ ಮೇಲುಗಡೆಗೇ. ತಲೆಯ ಮೇಲೆ ತುಂಬಿದ ಕೊಡ ಹೊತ್ತು ಮೊದಲ ಸಲ ನಡೆದವರಿಗೆ ಆ ಕಷ್ಟ ಗೊತ್ತು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾರೆನ್ ಅಡಾಲ್ಫ್ ಮತ್ತು ಸಂಗಡಿಗರು 12ರಿಂದ 19 ತಿಂಗಳ ಮಕ್ಕಳನ್ನು ಆಡಲು ಬಿಟ್ಟು, ಅವರ ಹೆಜ್ಜೆಗಳನ್ನು ಎಣಿಸಿದರು, ಬಿದ್ದದ್ದನ್ನೂ ಎಣಿಸಿದರು. 2012ರಲ್ಲಿ ಪ್ರಕಟವಾದ ಅವರ ಲೆಕ್ಕ ಹೀಗಿದೆ: ಸರಾಸರಿ ಒಂದು ಗಂಟೆಗೆ 2,368 ಹೆಜ್ಜೆ, 17 ಸಲ ಬೀಳುವುದು. ಇದನ್ನು ಓದಿದ ದಿನ ಸೊಸೆಗೂ ಓದಿ ಹೇಳಿದೆ. ಅವಳ ಮುಖಕ್ಕೆ ಬಂದ ನೆಮ್ಮದಿ ನೋಡಿ ನನಗೆ ಸಂಕಟವಾಯಿತು. ಅಷ್ಟು ದಿನ ಪ್ರತಿ ಬುಗುಟಿಗೂ ಅವಳನ್ನು ಪ್ರಶ್ನಿಸುತ್ತಿದ್ದವಳು ನಾನೇ ತಾನೇ?

ಮಗು ಧೊಪ್ಪೆಂದು ಬಿದ್ದ ಕೂಡಲೇ ನಮ್ಮ ಮನೆಗಳಲ್ಲಿ ಎರಡು ಕೂಗು ಏಳುತ್ತವೆ. ಒಂದು ಮಗುವಿನದು. ಇನ್ನೊಂದು, "ಯಾರು ನೋಡ್ಕೊತಿದ್ರಿ?" ಕೇಳುವವರಿಗೆ ಉತ್ತರ ಗೊತ್ತೇ ಇರುತ್ತದೆ. ಹೆದರಿಕೆ ಹೊರಗೆ ಬರುವಾಗ ಬೈಗುಳವಾಗಿ ಬರುತ್ತದೆ, ಅಷ್ಟೇ. ಅತ್ತೆ ಸೊಸೆಯನ್ನು ಕೇಳುತ್ತಾಳೆ, ಮಗ ಅಮ್ಮನನ್ನು ಕೇಳುತ್ತಾನೆ, ಕೆಲಸಕ್ಕೆ ಬರುವ ಹುಡುಗಿಯನ್ನು ಎಲ್ಲರೂ ಕೇಳುತ್ತಾರೆ. ಅಳುವ ಮಗುವಿಗೂ ನಾವು ಒಬ್ಬ ಅಪರಾಧಿಯನ್ನು ಹುಡುಕಿ ಕೊಡುತ್ತೇವೆ. "ನೆಲ ಹೊಡೀತಾ ಪಾಪುಗೆ? ತಗೋ, ನೆಲಕ್ಕೆ ಹತ್ತಾ!" ಎಂದು ನೆಲಕ್ಕೆ ಏಟು ಹಾಕುತ್ತೇವೆ.

ಕಳೆದ ತಿಂಗಳು ಒಂದು ಮಧ್ಯಾಹ್ನ ಔಷಧಿ ತರಲು ವಿಜಯನಗರಕ್ಕೆ ಹೋಗಿದ್ದೆ. ಮಗು ನಮ್ಮ ಯಜಮಾನರ ಹತ್ತಿರ ಇತ್ತು. ದಿವಾನದ ಮೇಲೆ ಮಲಗಿದ್ದವನು ನಿದ್ದೆಯಿಂದ ಎದ್ದು ಉರುಳಿ ಕೆಳಗೆ ಬಿದ್ದಿದ್ದಾನೆ. ಅತ್ತಿದ್ದಾನೆ, ತಾತ ಎತ್ತಿಕೊಂಡ ಮೇಲೆ ಸುಮ್ಮನಾಗಿದ್ದಾನೆ. ಇವರು ಯಾರಿಗೂ ಹೇಳಲಿಲ್ಲ. ಸಂಜೆ ಏಳಕ್ಕೆ ಮಗು ವಾಂತಿ ಮಾಡಿಕೊಂಡಿತು. ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ. ಬಾಳೆಹಣ್ಣು ಆಗಲಿಲ್ಲವೇನೋ, ಹಾಲು ಕೆಟ್ಟಿತ್ತೇನೋ ಎಂದು ನಾವು ಮಾತಾಡಿಕೊಳ್ಳುತ್ತಲೇ ಡಾಕ್ಟರರ ಬಳಿ ಓಡಿದೆವು.

"ಎಲ್ಲಾದರೂ ಬಿದ್ದಿದ್ದನಾ?" ಎಂದರು ಡಾಕ್ಟರು. ಸೊಸೆ ಇಲ್ಲ ಎಂದಳು. ನಾನೂ ಇಲ್ಲ ಎಂದೆ. ಬಾಗಿಲ ಹತ್ತಿರ ನಿಂತಿದ್ದ ಇವರು, "ಬಿದ್ದಿದ್ದ, ಮೂರು ಗಂಟೆಗೆ" ಎಂದರು. ಆಮೇಲಿನ ಪ್ರಶ್ನೆಗಳೆಲ್ಲ ಅವರಿಗೇ. ಎಷ್ಟು ಎತ್ತರದಿಂದ? ತಲೆಯ ಯಾವ ಭಾಗ ತಾಗಿತು? ತಕ್ಷಣ ಅತ್ತನಾ? ಆಮೇಲೆ ಎಂದಿನ ಹಾಗೆ ಆಡಿದನಾ? ಉತ್ತರ ಹೇಳಬಲ್ಲವರು ಇಡೀ ಮನೆಯಲ್ಲಿ ಅವರೊಬ್ಬರೇ. ಡಾಕ್ಟರು ಪರೀಕ್ಷೆ ಮಾಡಿ, ಕೆಲವು ಗಂಟೆ ಅಲ್ಲೇ ಇರಿಸಿಕೊಂಡು ನೋಡಿದರು. ಕೊನೆಗೆ ಅದು ಹೊಟ್ಟೆಯದೇ ತೊಂದರೆ ಎಂದಾಯಿತು.

ರಾತ್ರಿ ಮನೆಗೆ ಬಂದು ಕೇಳಿದೆ, "ಯಾಕ್ರೀ ಹೇಳಲಿಲ್ಲ?"

"ಹೇಳಿದ್ರೆ ಮಗೂನ ಮತ್ತೆ ನನ್ನ ಕೈಗೆ ಕೊಡ್ತಿದ್ರಾ?" ಎಂದರು.

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಮಗುವಿನ ರಕ್ಷಣೆಗೆಂದೇ ನಾವು ಬೈಯುತ್ತೇವೆ. ಬೈಗುಳಕ್ಕೆ ಹೆದರಿದವರು ಮುಚ್ಚಿಡುತ್ತಾರೆ. ಮುಚ್ಚಿಟ್ಟ ಸುದ್ದಿ ಡಾಕ್ಟರರಿಗೆ ಸಿಗುವುದಿಲ್ಲ. ಆ ಸುದ್ದಿಯ ಬೆಲೆ ಎಷ್ಟೆಂದು ಆಮೇಲೆ ತಿಳಿದುಕೊಂಡೆ. ತಲೆಗೆ ಪೆಟ್ಟಾದ ಯಾವ ಮಕ್ಕಳಿಗೆ ಸಿ.ಟಿ. ಸ್ಕ್ಯಾನ್ ಬೇಕಿಲ್ಲ ಎಂದು ಗುರುತಿಸಲು ಉತ್ತರ ಅಮೆರಿಕದ 25 ಆಸ್ಪತ್ರೆಗಳು ಸೇರಿ 42 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿದವು. 2009ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಅದನ್ನು ಪ್ರಕಟಿಸಿತು. ಎರಡು ವರ್ಷದೊಳಗಿನ ಮಕ್ಕಳಿಗೆ ಅವರು ಕೊಟ್ಟ ಗುರುತುಗಳು ಆರು; ಅವುಗಳಲ್ಲಿ ಒಂದೂ ಇಲ್ಲದಿದ್ದರೆ ಸ್ಕ್ಯಾನ್ ಬೇಕಿಲ್ಲ. ಎಚ್ಚರದಲ್ಲಿ ಏರುಪೇರು, ಬುರುಡೆ ಒಡೆದದ್ದು ಕೈಗೆ ತಗಲುವುದು, ಹಣೆ ಬಿಟ್ಟು ತಲೆಯ ಪಕ್ಕದಲ್ಲೋ ಹಿಂದೆಯೋ ಬುಗುಟು, ಈ ಮೂರನ್ನು ಡಾಕ್ಟರು ತಾವೇ ನೋಡಿ ತಿಳಿಯಬಹುದು. ಉಳಿದ ಮೂರು ಮನೆಯವರು ಬಾಯಿಬಿಟ್ಟು ಹೇಳಬೇಕು: ಮೂರು ಅಡಿಗಿಂತ ಎತ್ತರದಿಂದ ಬಿತ್ತೇ, ಐದು ಸೆಕೆಂಡಾದರೂ ಪ್ರಜ್ಞೆ ತಪ್ಪಿತ್ತೇ, ಮಗು ಎಂದಿನಂತಿಲ್ಲ ಎಂದು ಹೆತ್ತವರಿಗೆ ಅನ್ನಿಸುತ್ತಿದೆಯೇ. "ಯಾಕೋ ಇವತ್ತು ಇವನು ಇವನ ಹಾಗಿಲ್ಲ" ಎನ್ನುವ ತಾಯಿಯ ಮಾತನ್ನು ವೈದ್ಯಶಾಸ್ತ್ರ ಒಂದು ಗುರುತೆಂದು ಬರೆದಿಟ್ಟಿದೆ. ಅದನ್ನು ಓದಿ ನನಗೆ ಕಣ್ಣು ತುಂಬಿತು.

ಹಾಗೆಂದು ಹಣೆಯ ಪ್ರತಿ ಬುಗುಟಿಗೂ ಆಸ್ಪತ್ರೆಗೆ ಓಡಬೇಕಿಲ್ಲ. ಬಟ್ಟೆಯಲ್ಲಿ ಸುತ್ತಿದ ಐಸ್ ಸ್ವಲ್ಪ ಹೊತ್ತು ಇಟ್ಟರೆ ಊತ ಇಳಿಯುತ್ತದೆ. ನಮ್ಮಮ್ಮ ಸೆರಗನ್ನು ಉಂಡೆ ಮಾಡಿ, ಅದಕ್ಕೆ ಬಾಯಿಯ ಬಿಸಿಯುಸಿರು ಊದಿ ಒತ್ತುತ್ತಿದ್ದರು. ಅದರಿಂದ ಊತ ಇಳಿಯುತ್ತಿತ್ತೋ ಇಲ್ಲವೋ, ಅಳು ನಿಲ್ಲುತ್ತಿತ್ತು. ಹಾಗಾಗಿ ನಾನು ಎರಡನ್ನೂ ಮಾಡುತ್ತೇನೆ. ಬುಗುಟನ್ನು ತಿಕ್ಕುವುದನ್ನು ಮಾತ್ರ ಬಿಟ್ಟಿದ್ದೇನೆ. ಮಂಡಿ ತರಚಿದರೆ ಹರಿಯುವ ನೀರು, ಸೋಪು, ಶುದ್ಧ ಬಟ್ಟೆ ಸಾಕು. ಕಾಫಿಪುಡಿ, ಅರಿಶಿನ ಗಾಯಕ್ಕೆ ಬೇಡ. ಧನುರ್ವಾಯುವಿನ ಭಯಕ್ಕೆ 16ರಿಂದ 24 ತಿಂಗಳೊಳಗಿನ ಡಿಪಿಟಿ ಬೂಸ್ಟರ್ ತಪ್ಪಿಸದಿರುವುದೇ ಉಪಾಯ. ಆದರೆ ತಲೆಗೆ ಪೆಟ್ಟಾದ ಮೇಲೆ ಮಗು ಮತ್ತೆ ಮತ್ತೆ ವಾಂತಿ ಮಾಡಿದರೆ, ಎಬ್ಬಿಸಿದರೂ ಏಳದೆ ಮಂಪರಿನಲ್ಲಿದ್ದರೆ, ಫಿಟ್ಸ್ ಬಂದರೆ, ಕಿವಿ ಮೂಗಿನಿಂದ ರಕ್ತವೋ ತಿಳಿನೀರೋ ಸೋರಿದರೆ, ಒಂದು ಕೈ ಅಥವಾ ಕಾಲು ಆಡಿಸದಿದ್ದರೆ ಮನೆಯಲ್ಲಿ ಕೂರಬೇಡಿ. 108ಕ್ಕೆ ಫೋನ್ ಮಾಡಿ.

ವಾಕರ್ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಮಗುವನ್ನು ಒಳಗೆ ಕೂರಿಸಿ ಬಿಡುವ ಚಕ್ರದ ವಾಕರನ್ನು ಕೆನಡಾ ದೇಶ 2004ರಲ್ಲೇ ನಿಷೇಧಿಸಿತು. ಅದರಲ್ಲಿ ಕುಳಿತ ಮಗು ನಾವು ಕೈ ಚಾಚುವಷ್ಟರಲ್ಲಿ ಮೆಟ್ಟಿಲ ತುದಿಯಲ್ಲಿರುತ್ತದೆ. ನಮ್ಮ ಹೊಸಹಳ್ಳಿಯ ಮನೆಗಳನ್ನು ನೋಡಿ. ಸಣ್ಣ ಸೈಟು, ಮಹಡಿಯ ಮೇಲೆ ಮಹಡಿ, ಬಾಗಿಲು ತೆಗೆದರೆ ಕಡಿದಾದ ಮೆಟ್ಟಿಲು. ಇಂಥಲ್ಲಿ ಅದು ಬೇಡವೇ ಬೇಡ. ನಮ್ಮ ಚನ್ನಪಟ್ಟಣದ ಮೂರು ಗಾಲಿಯ ಮರದ ಗಾಡಿಯಾದರೆ ಮಗು ತನ್ನ ಕಾಲ ಮೇಲೆ ನಿಂತು ತಳ್ಳುತ್ತದೆ. ಅದಕ್ಕೂ ಮೆಟ್ಟಿಲಿನಿಂದ ದೂರವಿರುವ ಜಾಗ ಬೇಕು, ಒಬ್ಬರು ಹತ್ತಿರವಿರಬೇಕು.

ನಾವೀಗ ಮೆಟ್ಟಿಲಿಗೆ ಗೇಟು ಹಾಕಿಸಿದ್ದೇವೆ. ಮಧ್ಯಾಹ್ನ ಹಾಸಿಗೆಯನ್ನು ನೆಲದ ಮೇಲೇ ಹಾಸುತ್ತೇವೆ. ಜೊತೆಗೆ ಮನೆಯವರೆಲ್ಲ ಕೂತು ಒಂದು ಮಾತು ಆಡಿಕೊಂಡಿದ್ದೇವೆ. ಮಗು ಜೋರಾಗಿ ಬಿದ್ದರೆ ನೋಡಿದವರು ಕೂಡಲೇ ಹೇಳಬೇಕು. ಹೇಳಿದವರನ್ನು ಯಾರೂ ಏನೂ ಅನ್ನಬಾರದು. ಕೆಲಸದ ಹುಡುಗಿಯನ್ನೂ ಕೂರಿಸಿಕೊಂಡು ಹೇಳಿದೆವು. ಅವಳು ನಂಬಲು ಒಂದು ವಾರ ಹಿಡಿಯಿತು.

ನಿನ್ನೆ ಬೆಳಿಗ್ಗೆ ಸೊಸೆ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಕನ್ನಡಿ ಮುಂದೆ ಜಡೆ ಹಾಕಿಕೊಳ್ಳುತ್ತಿದ್ದಳು. ಮೆಟ್ರೋ ಬಂತು. ಪುಟ್ಟ ಓಡಿದ, ಹೊಸ್ತಿಲಿಗೆ ಎಡವಿ ಮಕಾಡೆ ಬಿದ್ದ. ತಲೆಯೆತ್ತಿ, ಅಳಬೇಕೋ ಬೇಡವೋ ಎಂದು ತಾತನ ಮುಖ ನೋಡಿದ. ಇವರು ಬಗ್ಗಿ ಅವನ ಹಣೆ ಸವರಿ, ಒಳಗಿನವರಿಗೆ ಕೇಳುವಂತೆ ಹೇಳಿದರು, "ಬಾಲ್ಕನಿ ಹೊಸ್ತಿಲಲ್ಲಿ ಬಿದ್ದ. ಹಣೆ ತಾಗಿದೆ. ಚೆನ್ನಾಗಿದ್ದಾನೆ."

"ಸರಿ ಮಾವ" ಎಂದಳು ಸೊಸೆ. ಜಡೆ ಹಾಕಿಕೊಳ್ಳುವುದನ್ನು ನಿಲ್ಲಿಸಲಿಲ್ಲ.