ವಿಶ್ವವಿದ್ಯಾನಿಲಯದ ಧರ್ಮಾಧ್ಯಯನವೂ ಪರದೇಶದ ವಿದ್ಯಾರ್ಥಿಯೂ

(ಪ್ರತಿಷ್ಠಾ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಪಾಠ)



ಜಿನಬಿಂಬ ಪ್ರತಿಷ್ಠೆಯ ಈ ಮಂಗಲ ಸಂದರ್ಭದಲ್ಲಿ, ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಶ್ರಾವಕ ಶ್ರಾವಿಕೆಯರ ಮುಂದೆ ದೂರದ ವಿಶ್ವವಿದ್ಯಾನಿಲಯಗಳ ಪಾಠಕ್ರಮದ ಮಾತನ್ನು ಎತ್ತುವುದು ಅಪ್ರಸ್ತುತವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಇಂದು ಜೈನ ಮನೆಗಳ ಮಕ್ಕಳು ಸಮುದ್ರವನ್ನು ದಾಟಿ, ಪದವಿ ತರಗತಿಯ ವ್ಯಾಸಂಗಕ್ಕೇ ಪರದೇಶಗಳಿಗೆ ತೆರಳುತ್ತಿದ್ದಾರೆ. ಹೋಗುವುದು ಬಹುಮಟ್ಟಿಗೆ ಎಂಜಿನಿಯರಿಂಗಿಗೆ, ಗಣಕವಿಜ್ಞಾನಕ್ಕೆ. ಅಮೆರಿಕದ ಬಹುತೇಕ ವಿಶ್ವವಿದ್ಯಾನಿಲಯಗಳಲ್ಲಿ ಮುಖ್ಯ ವಿಷಯ ಯಾವುದೇ ಇರಲಿ, ಸಾಹಿತ್ಯ, ಇತಿಹಾಸ, ತತ್ತ್ವಶಾಸ್ತ್ರ, ಧರ್ಮ ಮೊದಲಾದ ಮಾನವಿಕ ವಿಷಯಗಳಲ್ಲಿಯೂ ಕೆಲವನ್ನು ಆರಿಸಿಕೊಂಡು ಓದಬೇಕೆಂಬ ನಿಯಮವುಂಟು. ಆ ಪಟ್ಟಿಯಲ್ಲಿ ‘ಭಾರತದ ಧರ್ಮಗಳು’ ಎಂಬ ಹೆಸರು ಕಂಡರೆ, ಇದು ಮನೆಯ ವಿದ್ಯೆ, ಶ್ರಮವಿಲ್ಲದೆ ಅಂಕ ದೊರೆಯುವುದೆಂದು ಹೆಸರು ಬರೆಸುವ ವಿದ್ಯಾರ್ಥಿ ಅಪರೂಪವಲ್ಲ. ಬರೆದ ಮೊದಲ ಪ್ರಬಂಧವು ಅಂಚಿನ ತುಂಬ ಪ್ರಶ್ನೆಗಳನ್ನು ಹೊತ್ತು ಮರಳಿ ಬಂದಾಗ ಆ ಭ್ರಮೆ ಹರಿಯುತ್ತದೆ.

ಕಾರಣವು ಸರಳವಾದುದು. ಬಸದಿಯ ಪಾಠಶಾಲೆಯಲ್ಲಿ ಮಗುವು ಕಲಿಯುವುದು ಹೇಗೆ ನಡೆಯಬೇಕು ಎಂಬುದನ್ನು. ಪಂಚನಮಸ್ಕಾರವನ್ನು ಹೇಗೆ ಉಚ್ಚರಿಸಬೇಕು, ಅಣುವ್ರತಗಳು ಯಾವುವು, ಚಾತುರ್ಮಾಸದಲ್ಲಿ ಏನನ್ನು ತ್ಯಜಿಸಬೇಕು ಎಂಬುದನ್ನು. ವಿಶ್ವವಿದ್ಯಾನಿಲಯದ ತರಗತಿಯಲ್ಲಿ ಕೇಳುವ ಪ್ರಶ್ನೆಯೇ ಬೇರೆ: ಇದನ್ನು ಹೇಳಿದವರು ಯಾರು, ಯಾವ ಕಾಲದಲ್ಲಿ, ಆಧಾರವೇನು, ಒಪ್ಪದವರು ಏನೆಂದರು? ತತ್ತ್ವಾರ್ಥಸೂತ್ರವನ್ನು ಬಾಲ್ಯದಲ್ಲಿಯೇ ಕಂಠಪಾಠ ಮಾಡಿದ ವಿದ್ಯಾರ್ಥಿಗೆ, ದಿಗಂಬರ ಪಾಠದಲ್ಲಿ 357 ಸೂತ್ರಗಳೂ ಶ್ವೇತಾಂಬರ ಪಾಠದಲ್ಲಿ 344 ಸೂತ್ರಗಳೂ ಇವೆ, ಈ ವ್ಯತ್ಯಾಸಕ್ಕೆ ಕಾರಣವೇನೆಂದು ಅಲ್ಲಿ ಕೇಳುತ್ತಾರೆ. ಮಹಾವೀರಸ್ವಾಮಿಯ ನಿರ್ವಾಣ ಕ್ರಿ.ಪೂ. 527 ಎಂದು ಬರೆದರೆ, ಅದು ಸಂಪ್ರದಾಯದ ಗಣನೆ. ಅದನ್ನು ಸುಮಾರು ಒಂದು ಶತಮಾನ ಈಚೆಗೆ ತರುವ ವಿದ್ವಾಂಸರೂ ಇದ್ದಾರೆ, ಅವರ ವಾದವನ್ನು ಓದಿದ್ದೀಯಾ ಎಂದು ಕೇಳುತ್ತಾರೆ. ಹೀಗೆ ಕೇಳುವುದರಲ್ಲಿ ಅವಹೇಳನವಿಲ್ಲ. ಕ್ರೈಸ್ತ ವಿದ್ಯಾರ್ಥಿಯನ್ನು ಅವನ ಬೈಬಲಿನ ವಿಷಯದಲ್ಲಿಯೂ ಹೀಗೆಯೇ ಕೇಳುತ್ತಾರೆ. ಆದರೆ ಹದಿನೆಂಟು ಹತ್ತೊಂಬತ್ತರ ಹರೆಯದಲ್ಲಿ, ಮನೆಯಿಂದ ಸಾವಿರಾರು ಮೈಲಿ ದೂರದಲ್ಲಿ, ಒಬ್ಬಂಟಿಯಾಗಿ ಇದನ್ನು ಎದುರಿಸುವ ವಿದ್ಯಾರ್ಥಿಗೆ ಕಾಲಡಿಯ ನೆಲ ಸರಿದಂತೆ ತೋರುವುದು ಸಹಜ.

ಈ ಪದ್ಧತಿಯ ಹಿನ್ನೆಲೆಯಲ್ಲಿ ಒಂದು ನ್ಯಾಯತೀರ್ಪಿನ ಪಾತ್ರವೂ ಇದೆ. 1963ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು, ಸರಕಾರಿ ಶಾಲೆಗಳಲ್ಲಿ ಬೈಬಲನ್ನು ಭಕ್ತಿಯ ಆಚರಣೆಯಾಗಿ ಓದಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಮಾನಿಸಿತು. ಲೌಕಿಕ ಶಿಕ್ಷಣದ ಅಂಗವಾಗಿ ಧರ್ಮವನ್ನು ಕುರಿತು ಅಧ್ಯಯನ ಮಾಡುವುದಕ್ಕೆ ಅಡ್ಡಿಯಿಲ್ಲವೆಂದೂ ಹೇಳಿತು. ಧರ್ಮವನ್ನು ಬೋಧಿಸುವುದು ಬೇರೆ, ಧರ್ಮದ ವಿಚಾರವಾಗಿ ಬೋಧಿಸುವುದು ಬೇರೆ ಎಂಬ ಈ ಭೇದವು ನೆಲೆಗೊಂಡ ಮೇಲೆ ಅಲ್ಲಿಯ ಸಾರ್ವಜನಿಕ ವಿಶ್ವವಿದ್ಯಾನಿಲಯಗಳಲ್ಲಿ ಧರ್ಮಾಧ್ಯಯನ ವಿಭಾಗಗಳು ಬೆಳೆದವು. ಭಾರತದ ಸಂವಿಧಾನದ 28ನೆಯ ವಿಧಿಯೂ ಪೂರ್ಣವಾಗಿ ಸರಕಾರದ ಹಣದಿಂದ ನಡೆಯುವ ವಿದ್ಯಾಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆಯನ್ನು ನಿಷೇಧಿಸುತ್ತದೆ. ಆದರೆ ಇಲ್ಲಿ ಧರ್ಮಾಧ್ಯಯನ ವಿಭಾಗಗಳು ಬೆರಳೆಣಿಕೆಯಷ್ಟೇ ಆದವು. ಆದ್ದರಿಂದ ಇಲ್ಲಿಂದ ಹೋಗುವ ವಿದ್ಯಾರ್ಥಿಗೆ ಆ ಬಗೆಯ ಪ್ರಶ್ನೆಯ ಅಭ್ಯಾಸವೇ ಇರುವುದಿಲ್ಲ. ಬಸದಿಯಲ್ಲಿ ಕೇಳಿದರೆ ಅದು ಅಶ್ರದ್ಧೆ, ಕಾಲೇಜಿನಲ್ಲಿ ಕೇಳಲು ಅವಕಾಶವೇ ಇಲ್ಲ.

ಈ ಎರಡು ಬಗೆಯ ವಿದ್ಯೆಯನ್ನೂ ಒಂದೇ ಜೀವನದಲ್ಲಿ ಧರಿಸಿದ ಮಹನೀಯರೊಬ್ಬರು ಕನ್ನಡನಾಡಿನ ಜೈನ ಸಮಾಜದಿಂದಲೇ ಬಂದವರು. ಪ್ರೊಫೆಸರ್ ಪದ್ಮನಾಭ ಎಸ್. ಜೈನಿಯವರು 1923ರಲ್ಲಿ ಮೂಡುಬಿದಿರೆಗೆ ಸಮೀಪದ ನೆಲ್ಲಿಕಾರಿನಲ್ಲಿ, ದಿಗಂಬರ ಕುಟುಂಬದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ವಿದರ್ಭದ ಕಾರಂಜಾದ ಜೈನ ಗುರುಕುಲವನ್ನು ಸೇರಿದರು. ನಾಸಿಕದಲ್ಲಿ ಪದವಿಯನ್ನು ಪಡೆದರು. ಅಹಮದಾಬಾದಿನಲ್ಲಿ ಪಂಡಿತ ಸುಖಲಾಲಜೀಯವರ ಬಳಿ ಅಧ್ಯಯನ ಮಾಡಿದರು. ಅನಂತರ ಅವರು ಇಟ್ಟ ಹೆಜ್ಜೆ ಗಮನಾರ್ಹವಾದುದು. ಪಾಲಿ ಭಾಷೆಯನ್ನೂ ತ್ರಿಪಿಟಕವನ್ನೂ ಕಲಿಯಲು ಸಿಂಹಳದ್ವೀಪಕ್ಕೆ ಹೋಗಿ, ಪರದೇಶದ ವಿದ್ಯಾರ್ಥಿಯಾಗಿ ಬೌದ್ಧ ಭಿಕ್ಷುಗಳ ನಡುವೆ ಕುಳಿತರು. 1951ರಲ್ಲಿ ತ್ರಿಪಿಟಕಾಚಾರ್ಯ ಪದವಿಯನ್ನು ಪಡೆದರು. ಆ ಎರಡು ವರ್ಷಗಳ ಅನುಭವವನ್ನು ಗುಜರಾತಿಯಲ್ಲಿ ಪುಸ್ತಕವಾಗಿ ಬರೆದರು. ಜೈನ ಯುವಕನೊಬ್ಬನು ಬೌದ್ಧವಿಹಾರದಲ್ಲಿ ಅನಾತ್ಮವಾದವನ್ನು ಓದುವುದೆಂದರೆ, ತಾನು ನಂಬಿದ ಜೀವತತ್ತ್ವವನ್ನೇ ನಿರಾಕರಿಸುವ ಗ್ರಂಥವನ್ನು ಅದರ ಅನುಯಾಯಿಗಳ ಬಾಯಿಂದಲೇ, ಗೌರವದಿಂದ ಕೇಳುವುದು. ಅದರಿಂದ ಅವರ ಜೈನತ್ವಕ್ಕೆ ಕುಂದು ಬಂದಂತೆ ಕಾಣುವುದಿಲ್ಲ. ಬನಾರಸ್, ಲಂಡನ್, ಮಿಷಿಗನ್‌ಗಳಲ್ಲಿ ಬೋಧಿಸಿ 1972ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವನ್ನು ಸೇರಿದ ಅವರು, 1979ರಲ್ಲಿ ಪ್ರಕಟಿಸಿದ ‘ದಿ ಜೈನ ಪಾತ್ ಆಫ್ ಪ್ಯೂರಿಫಿಕೇಷನ್’ ಎಂಬ ಗ್ರಂಥವು ಪಾಶ್ಚಾತ್ಯ ದೇಶಗಳ ತರಗತಿಗಳಲ್ಲಿ ಪಠ್ಯವಾಗಿ ನಿಂತಿತು. 2021ರಲ್ಲಿ ಅವರು ಕಾಲವಾದರು.

ಅದಕ್ಕೆ ಮೊದಲು ಪರದೇಶದ ವಿದ್ಯಾರ್ಥಿಗೆ ದೊರೆಯುತ್ತಿದ್ದ ಜೈನಧರ್ಮವು ಬಹುಮಟ್ಟಿಗೆ ಶ್ವೇತಾಂಬರ ಆಗಮಗಳ ಮೂಲಕ ಕಂಡುದು. ಜರ್ಮನಿಯ ಹರ್ಮನ್ ಯಾಕೋಬಿಯವರು ತಾರುಣ್ಯದಲ್ಲಿಯೇ, 1873-74ರಲ್ಲಿ, ಭಾರತಕ್ಕೆ ಬಂದು ಬ್ಯೂಲರ್ ಅವರೊಡನೆ ರಾಜಸ್ಥಾನದ ಹಸ್ತಪ್ರತಿ ಭಂಡಾರಗಳನ್ನು ನೋಡಿದರು. 1884ರಲ್ಲಿ ಆಚಾರಾಂಗ, ಕಲ್ಪಸೂತ್ರಗಳ ಇಂಗ್ಲಿಷ್ ಅನುವಾದವನ್ನು ಹೊರತಂದರು. ಆ ಕಾಲದಲ್ಲಿ ದಿಗಂಬರ ಪರಂಪರೆಯ ಪ್ರಾಚೀನ ಸಿದ್ಧಾಂತಗ್ರಂಥವಾದ ಷಟ್ಖಂಡಾಗಮವು ಧವಲಾ ಟೀಕೆಯೊಡನೆ ಮೂಡುಬಿದಿರೆಯಲ್ಲಿ ತಾಳೆಗರಿಯಲ್ಲಿತ್ತು; ಯಾತ್ರಿಕರು ಅದನ್ನು ದರ್ಶನ ಮಾಡಿ ಕೈಮುಗಿದು ಮರಳುತ್ತಿದ್ದರು. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅದು ಅಚ್ಚಾಗತೊಡಗಿದುದು 1939ರಲ್ಲಿ; 16 ಸಂಪುಟಗಳು ಮುಗಿಯಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಗ್ರಂಥವನ್ನು ಕಾಪಾಡಿದವರ ಭಕ್ತಿ ಅಲ್ಪವಲ್ಲ. ಅವರಿಲ್ಲದಿದ್ದರೆ ಅಚ್ಚುಮಾಡಲು ಏನೂ ಉಳಿಯುತ್ತಿರಲಿಲ್ಲ. ಆದರೆ ಆ ನಡುವಣ ಅವಧಿಯಲ್ಲಿ ದಿಗಂಬರರು ಪಾಶ್ಚಾತ್ಯ ಪಠ್ಯಗಳಲ್ಲಿ ಅಡಿಟಿಪ್ಪಣಿಯಾಗಿಯೇ ಉಳಿದುದಕ್ಕೆ ಪರದೇಶದವರನ್ನು ಮಾತ್ರ ದೂರುವುದು ನ್ಯಾಯವಲ್ಲ.

ಜೈನಿಯವರ 1991ರ ಗ್ರಂಥವು ಇನ್ನೂ ಕಠಿನವಾದ ವಿಷಯವನ್ನು ಕುರಿತದ್ದು: ಸ್ತ್ರೀಗೆ ಅದೇ ಭವದಲ್ಲಿ ಮೋಕ್ಷವುಂಟೇ ಎಂಬ ವಾದ. ಪೂರ್ಣ ಪರಿಗ್ರಹತ್ಯಾಗಕ್ಕೆ ದಿಗಂಬರತ್ವವು ಅವಶ್ಯ, ಅದು ಸ್ತ್ರೀಗೆ ವಿಹಿತವಲ್ಲ, ಆದ್ದರಿಂದ ಪುರುಷಜನ್ಮವು ಬೇಕು ಎಂಬುದು ದಿಗಂಬರ ಪಕ್ಷ. ಶ್ವೇತಾಂಬರರು ಇದನ್ನು ಒಪ್ಪುವುದಿಲ್ಲ. ಕರ್ಣಾಟಕದಲ್ಲಿಯೇ ಪ್ರಬಲವಾಗಿದ್ದು ಅನಂತರ ಅಳಿದುಹೋದ ಯಾಪನೀಯ ಸಂಘದ ಮುನಿಗಳು, ತಾವು ದಿಗಂಬರರಾಗಿದ್ದರೂ ಸ್ತ್ರೀಮುಕ್ತಿಯನ್ನು ಒಪ್ಪಿದ್ದರು. ಆ ಸಂಘದ ಶಾಕಟಾಯನನ ಪ್ರಕರಣವು ಈ ಗ್ರಂಥದಲ್ಲಿ ಅನುವಾದಗೊಂಡಿದೆ. ತರಗತಿಯಲ್ಲಿ ಇದನ್ನು ಓದಿಸಿದಾಗ, ಕುಳಿತವರಲ್ಲಿ ಜೈನ ಮನೆಯ ಹೆಣ್ಣುಮಗಳೊಬ್ಬಳಿದ್ದರೆ ಎಲ್ಲರ ದೃಷ್ಟಿಯೂ ಅವಳ ಕಡೆಗೇ ತಿರುಗುತ್ತದೆ. “ನಿಮ್ಮ ಮನೆಯಲ್ಲಿ ಏನೆನ್ನುತ್ತಾರೆ?” ಮನೆಯಲ್ಲಿ ಈ ಮಾತನ್ನು ಎಂದೂ ಎತ್ತಿದ್ದಿಲ್ಲ. ಉಪವಾಸಗಳನ್ನು ಮಾಡಿದವರು, ಬಸದಿಯನ್ನು ನಡೆಸಿಕೊಂಡು ಬಂದವರು, ಮಕ್ಕಳಿಗೆ ಣಮೋಕಾರವನ್ನು ಕಲಿಸಿದವರು ಹೆಚ್ಚಾಗಿ ಅಜ್ಜಿಯಂದಿರೇ. ಆದರೂ ಅವರ ಅಭಿಪ್ರಾಯವನ್ನು ಯಾರೂ ಕೇಳಿದವರಲ್ಲ.

ಆ ವಿದ್ಯಾರ್ಥಿನಿಗೆ ಉತ್ತರದ ಒಂದು ಎಳೆ ಕಡೂರಿನಲ್ಲಿದೆ. ಕ್ರಿ.ಶ. 971ರ ಕಡೂರಿನ ಶಾಸನವು ಪಾಂಬಬ್ಬೆಯನ್ನು ಕುರಿತು ಹೇಳುತ್ತದೆ. ಆಕೆ ಗಂಗ ದೊರೆ ಬೂತುಗನ ಅಕ್ಕ. ಅರಮನೆಯ ಸುಖವನ್ನು ಬಿಟ್ಟು, ಕೇಶಲೋಚ ಮಾಡಿಕೊಂಡು, ಮೂವತ್ತು ವರ್ಷ ತಪಸ್ಸಿನಲ್ಲಿದ್ದು ದೇಹವನ್ನು ತ್ಯಜಿಸಿದಳು. ಸ್ತ್ರೀಮುಕ್ತಿಯ ವಾದವನ್ನು ಈ ಶಾಸನವು ತೀರ್ಮಾನಿಸುವುದಿಲ್ಲ; ಅದು ಅದರ ಉದ್ದೇಶವೂ ಅಲ್ಲ. ಆದರೆ ಪುರುಷರು ಪುರುಷರೊಡನೆ ನಡೆಸಿದ ತರ್ಕದ ಪಕ್ಕದಲ್ಲಿ, ಹೆಸರುಳ್ಳ ಒಬ್ಬ ಸ್ತ್ರೀಯ ಮೂವತ್ತು ವರ್ಷಗಳನ್ನು ಇಡುತ್ತದೆ. ಇದು ಪ್ರಬಂಧಕ್ಕೆ ಆಧಾರವಾಗಬಲ್ಲುದು. ಮನೆಯ ಮಾತಿಗೂ ಆಗಬಲ್ಲುದು.

ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿಯೂ ಅಂಥದೇ ಒಂದು ಎಳೆಯುಂಟು. 1196ರಲ್ಲಿ ಹೊಯ್ಸಳ ವೀರಬಲ್ಲಾಳನ ದಂಡನಾಯಕನು ಕಟ್ಟಿಸಿದ ಅಮೃತೇಶ್ವರ ದೇವಾಲಯದ ಶಾಸನವನ್ನು ರಚಿಸಿದವನು, ಮುಂದೆ ಯಶೋಧರ ಚರಿತೆಯನ್ನೂ ಅನಂತನಾಥಪುರಾಣವನ್ನೂ ಬರೆದ ಜೈನಕವಿ ಜನ್ನ. ಶಿವಾಲಯಕ್ಕೆ ಜೈನಕವಿ ಶಾಸನ ಬರೆದುದು ಹೇಗೆ? ರಾಜಸೇವೆಯೇ, ಸ್ನೇಹವೇ, ಕವಿಯ ವೃತ್ತಿಯೇ? ಅಂದಿನವರಿಗೆ ಇದು ಪ್ರಶ್ನೆಯಾಗಿಯೇ ತೋರಿರಲಾರದು.

ಎದುರು ದಿಕ್ಕಿನಿಂದ ಬರುವವರೂ ಉಂಟು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತದ ಪ್ರಾಧ್ಯಾಪಕ ಪೀಠವನ್ನು 1971ರಲ್ಲಿ ಅಲಂಕರಿಸಿದವರು ಸದಲಗದ ಡಾ. ಆ. ನೇ. ಉಪಾಧ್ಯೆಯವರು. ನೆದರ್ಲೆಂಡ್ಸಿನ ಉಟ್ರೆಕ್ಟಿನಲ್ಲಿ ವ್ಯಾಸಂಗ ಮಾಡಿದ ರಾಬರ್ಟ್ ಜೈಡೆನ್‌ಬೋಸ್ ಅವರು ಮೈಸೂರಿನಲ್ಲಿ ನೆಲೆಸಿ, ಕನ್ನಡದಲ್ಲಿಯೇ ಬರೆಯುವಷ್ಟು ಕನ್ನಡವನ್ನು ಕಲಿತು, ಮುಂದೆ ಮ್ಯೂನಿಕ್ಕಿನಲ್ಲಿ ಬೋಧಿಸಿದರು. 2005ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಜೈನಾಧ್ಯಯನ ಶಾಲೆಯು ಪರದೇಶದ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಭಾರತಕ್ಕೆ ಕರೆತರುತ್ತಿದೆ. ಹೀಗೆ ಬಂದವರು ಪುಸ್ತಕದಲ್ಲಿ ಕಾಣದ ಎಷ್ಟನ್ನೋ ಬಸದಿಯಲ್ಲಿ, ಅಡುಗೆಮನೆಯಲ್ಲಿ ಕಾಣುತ್ತಾರೆ: ನೀರನ್ನು ಸೋಸುವ ಬಟ್ಟೆ, ಸೂರ್ಯಾಸ್ತಕ್ಕೆ ಮುನ್ನ ಮುಗಿಯುವ ಊಟ.

ಅದೇ ಊಟದ ನಿಯಮವು, ಚಳಿಗಾಲದಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲಾಗುವ ಊರಿನ ವಿದ್ಯಾರ್ಥಿನಿಲಯದಲ್ಲಿ ಇಲ್ಲಿಯ ಹುಡುಗನಿಗೆ ನಿಜವಾದ ಪರೀಕ್ಷೆಯಾಗುತ್ತದೆ. ಊಟದ ಮನೆ ತೆರೆಯುವ ಮೊದಲೇ ಸೂರ್ಯ ಮುಳುಗಿರುತ್ತಾನೆ. ಏಕೆ ಉಣ್ಣುವುದಿಲ್ಲವೆಂದು ಜೊತೆಯವನು ಕೇಳಿದರೆ “ನಮ್ಮಲ್ಲಿ ರೂಢಿ” ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಪ್ರಾಧ್ಯಾಪಕರ ಪ್ರಶ್ನೆಗಿಂತ ಈ ಗೆಳೆಯನ ಪ್ರಶ್ನೆಯೇ ಕೆಲವೊಮ್ಮೆ ಹೆಚ್ಚು ಆಳಕ್ಕಿಳಿಯುತ್ತದೆ. ಜೀವದಯೆಯ ಕಾರಣವನ್ನು ಮನೆಯಲ್ಲಿ ಒಮ್ಮೆ ಬಿಡಿಸಿ ಹೇಳಿದ್ದರೆ ಆ ಹುಡುಗನಿಗೆ ಎರಡು ವಾಕ್ಯವಾದರೂ ಇರುತ್ತಿತ್ತು.

ಅಂದಿನ ಕಡೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1901ರಲ್ಲಿ ಎಪಿಗ್ರಾಫಿಯಾ ಕರ್ಣಾಟಿಕದ 6ನೆಯ ಸಂಪುಟವಾಗಿ, ಕನ್ನಡ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದಗಳೊಡನೆ ಪ್ರಕಟಿಸಿದರು. ಸಾಗರದಾಚೆಯ ದೊಡ್ಡ ಗ್ರಂಥಾಲಯಗಳ ಕಪಾಟಿನಲ್ಲಿಯೂ ಆ ಸಂಪುಟಗಳಿವೆ. ಅದನ್ನು ಅಲ್ಲಿ ಓದಿದ ವಿದ್ಯಾರ್ಥಿಯೊಬ್ಬಳು ಬೇಸಗೆಯ ರಜೆಯಲ್ಲಿ ಕಡೂರು ನಿಲ್ದಾಣದಲ್ಲಿ ರೈಲಿನಿಂದಿಳಿದು, ಪಾಂಬಬ್ಬೆಯ ಕಲ್ಲಿಗೆ ದಾರಿ ಯಾವುದೆಂದು ಕೇಳಬಹುದು. ಕೇಳುವವಳು ಜರ್ಮನಿಯವಳೇ ಆಗಬೇಕೆಂದಿಲ್ಲ. ಅಜ್ಜಂಪುರದ ಶ್ರಾವಕರೊಬ್ಬರ ಮೊಮ್ಮಗಳೇ ಆಗಿರಬಹುದು.