ಹಾಯಿದೋಣಿಯ ಒಡೆತನ

ನಮ್ಮ ಕಾವ್ಯಗಳಲ್ಲಿ ದೋಣಿಯು ದೋಣಿಯಾಗಿಯೇ ಬರುವುದು ಅಪರೂಪ. ಸಂಸಾರವೆಂಬ ಸಾಗರವನ್ನು ದಾಟಿಸುವ ಸಾಧನವಾಗಿ ಅದು ಬರುತ್ತದೆ. ಗುರುವು ಅಂಬಿಗನಾಗುತ್ತಾನೆ, ಭಕ್ತಿಯು ಹಾಯಿಯಾಗುತ್ತದೆ. ಆ ದೋಣಿಯ ಹಲಗೆ ಯಾವ ಮರದ್ದು, ಅದಕ್ಕೆ ಎಷ್ಟು ಹಣ ಬಿತ್ತು, ಸೋರಿದಾಗ ಸರಿಪಡಿಸಿದವರು ಯಾರು ಎಂಬುದನ್ನು ಕವಿಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಹೇಳಬೇಕಾದ ಕಾರಣವೂ ಅವರಿಗಿಲ್ಲ. ವರ್ಷವರ್ಷವೂ ತರಗತಿಯಲ್ಲಿ ರೂಪಕಾಲಂಕಾರದ ಪಾಠ ಹೇಳುವ ನಾನು ಇಂದು ಅಲಂಕಾರವನ್ನು ಬದಿಗಿಟ್ಟು, ದೋಣಿಯನ್ನೇ ನಿಮ್ಮ ಮುಂದಿಡಬೇಕೆಂದಿದ್ದೇನೆ. ಹಾಯಿದೋಣಿಯೊಂದನ್ನು ಪಡೆಯುವುದು, ಅದನ್ನು ಇಟ್ಟುಕೊಳ್ಳುವುದು, ಅದರಲ್ಲಿ ದೂರ ಹೋಗುವುದು ಎಂದರೇನು? ಜಾಶುವಾ ಸ್ಲೋಕಮ್ ಎಂಬ ನಾವಿಕನ ಅನುಭವವು ಇದಕ್ಕೆ ಒಳ್ಳೆಯ ಉತ್ತರ.

ಸ್ಲೋಕಮ್ 1844ರಲ್ಲಿ ಕೆನಡಾದ ನೋವಾ ಸ್ಕೋಷಿಯಾ ಪ್ರಾಂತದಲ್ಲಿ ಹುಟ್ಟಿದವನು. ಮುಂದೆ ಅಮೆರಿಕದ ಪ್ರಜೆಯಾಗಿ, ದೊಡ್ಡ ದೊಡ್ಡ ಹಾಯಿಹಡಗುಗಳ ಕಪ್ತಾನನಾದವನು. ಆದರೆ ಆ ಕಾಲಕ್ಕೆ ಹಬೆಯ ಹಡಗುಗಳು ಬಂದಿದ್ದವು. ಹಾಯಿಯ ವಿದ್ಯೆಗೆ ಬೆಲೆ ಇಳಿಯುತ್ತಲಿತ್ತು. ಬ್ರೆಜಿಲ್ ತೀರದಲ್ಲಿ ತನ್ನ ಸ್ವಂತ ಹಡಗನ್ನೂ ಆತನು ಕಳೆದುಕೊಂಡನು. ಐವತ್ತರ ಸಮೀಪಕ್ಕೆ ಬಂದವನಿಗೆ ಬಲ್ಲ ಕೆಲಸ ಒಂದೇ, ಅದನ್ನು ಕೇಳುವವರಿಲ್ಲ. ಆ ವಯಸ್ಸನ್ನು ದಾಟಿದ ನಮ್ಮಂಥವರಿಗೆ ಅದರ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

1892ರಲ್ಲಿ ಪರಿಚಿತನಾದ ಹಳೆಯ ಕಪ್ತಾನನೊಬ್ಬನು, “ಫೇರ್‌ಹೇವನ್ನಿಗೆ ಬಾ, ನಿನಗೊಂದು ಹಡಗು ಕೊಡುತ್ತೇನೆ, ಸ್ವಲ್ಪ ರಿಪೇರಿ ಆಗಬೇಕು” ಎಂದನು. ಹೋಗಿ ನೋಡಿದರೆ, ನೀರಿನಿಂದ ದೂರ, ಹೊಲವೊಂದರಲ್ಲಿ, ಊರೆಗೋಲು ಕೊಟ್ಟು ನಿಲ್ಲಿಸಿದ ಒಂಟಿ ಕೂವೆಮರದ ಮುದಿ ದೋಣಿ! ಹೆಸರು ‘ಸ್ಪ್ರೇ’. ಊರವರು ಅದನ್ನು ಒಡೆದುಹಾಕಲು ಬಂದನೆಂದೇ ತಿಳಿದರು. ಇಲ್ಲ, ಮತ್ತೆ ಕಟ್ಟುತ್ತೇನೆಂದು ಆತನು ಹೇಳಿದನು.

ದೋಣಿ ಪುಕ್ಕಟೆ ಸಿಕ್ಕಿತು. ಆದರೆ ಲೆಕ್ಕವನ್ನು ಕೇಳಿ. ಸಾಮಾನಿಗೆ 553 ಡಾಲರ್ 62 ಸೆಂಟು. ಜೊತೆಗೆ ಹದಿಮೂರು ತಿಂಗಳ ಸ್ವಂತ ದುಡಿಮೆ. ಅಡಿಮರಕ್ಕಾಗಿ ಹತ್ತಿರದಲ್ಲಿಯೇ ಓಕ್ ಮರವನ್ನು ಕಡಿದನು. ಪಕ್ಕೆಲುಬಿನಂಥ ಮರಗಳನ್ನು ಹಬೆಯಲ್ಲಿ ಬೇಯಿಸಿ ಬಗ್ಗಿಸಿದನು. ಒಂದೂವರೆ ಅಂಗುಲ ದಪ್ಪದ ಪೈನ್ ಹಲಗೆಗಳನ್ನು ಜೋಡಿಸಿ, ಸಂದುಗಳಿಗೆ ಹತ್ತಿಯನ್ನೂ ನಾರನ್ನೂ ತುಂಬಿದನು. ಹಳೆಯ ಹಲಗೆ ತೆಗೆದಲ್ಲಿ ಹೊಸದು, ಹಳೆಯ ಮೊಳೆ ಕಿತ್ತಲ್ಲಿ ಹೊಸದು. ಕೊನೆಗೆ ಹಳೆಯದಾಗಿ ಉಳಿದದ್ದು ಬಹುಮಟ್ಟಿಗೆ ಹೆಸರೊಂದೇ. ಉದ್ದ 36 ಅಡಿ 9 ಅಂಗುಲ, ಅಗಲ 14 ಅಡಿ 2 ಅಂಗುಲ. ಸಂತೆಯಲ್ಲಿ ಎತ್ತು ಕೊಳ್ಳುವವನು ಹಲ್ಲು ಹಿಡಿದು ನೋಡುತ್ತಾನೆ. ದೋಣಿ ಕೊಳ್ಳುವವನು ನೋಡಬೇಕಾದದ್ದು ಬಣ್ಣವನ್ನಲ್ಲ, ಹಾಯಿಯನ್ನೂ ಅಲ್ಲ. ನೀರಿನ ಕೆಳಗಿರುವ ಭಾಗವನ್ನು. ಅಲ್ಲಿ ಮರ ಮೆತ್ತಗಾಗಿದ್ದರೆ ಅಗ್ಗದ ದೋಣಿಯೇ ದುಬಾರಿಯ ದೋಣಿ. ಸ್ಲೋಕಮನಿಗೆ ಈ ಪರೀಕ್ಷೆಯ ಚಿಂತೆ ಇರಲಿಲ್ಲ. ಪ್ರತಿಯೊಂದು ಹಲಗೆಯೂ ಆತನ ಕೈಯಲ್ಲಿ ಹಾದುಬಂದಿತ್ತು.

1895ರ ಏಪ್ರಿಲ್ 24ರಂದು ಆತನು ಬಾಸ್ಟನ್ನಿನಿಂದ ಒಬ್ಬನೇ ಹೊರಟನು. ದಾರಿಯುದ್ದಕ್ಕೂ ದೋಣಿಯು ಅದು ಬೇಕು ಇದು ಬೇಕು ಎಂದು ಕೇಳುತ್ತಲೇ ಹೋಯಿತು. ಉರುಗ್ವೆಯ ಮರಳ ದಂಡೆಯಲ್ಲಿ ಸಿಕ್ಕಿಕೊಂಡಾಗ, ಸಣ್ಣ ಡೋಣಿಯಲ್ಲಿ ಲಂಗರನ್ನು ಹೊತ್ತು ಆಳಕ್ಕೆ ಒಯ್ಯಬೇಕಾಯಿತು. ಆ ಸಣ್ಣ ದೋಣಿ ಮಗುಚಿದಾಗ, ತನಗೆ ಈಜು ಬಾರದೆಂಬುದು ನೆನಪಾಯಿತಂತೆ! ಬ್ಯೂನಸ್ ಐರಿಸ್ಸಿನಲ್ಲಿ, ಮುಂದಿನ ಬಿರುಗಾಳಿಗಳನ್ನು ನೆನೆದು, ಕೂವೆಮರವನ್ನು ಏಳು ಅಡಿ ಮೊಟಕುಮಾಡಿದನು. ವೇಗ ಹೋದರೂ ಚಿಂತೆಯಿಲ್ಲ, ದೋಣಿ ಉಳಿಯಬೇಕು ಎಂಬುದು ಅನುಭವಿಯ ವಿವೇಕ. ಕೇಪ್ ಹಾರ್ನಿನ ಸಮೀಪದಲ್ಲಿ ದೊಡ್ಡ ಹಾಯಿ ಚಿಂದಿಯಾದಾಗ ಸೂಜಿ ದಾರ ಹಿಡಿದು ಕುಳಿತನು.

ಇನ್ನು ಖರ್ಚಿನ ಮಾತು. ಬಂದರು ಸೇರಿದರೆ ಸುಂಕ. ಮೆಲ್ಬರ್ನಿನಲ್ಲಿ ಟನ್ನಿಗೆ ಆರು ಪೆನ್ನಿಯಂತೆ, ಹನ್ನೆರಡು ಟನ್ನಿನ ಮೇಲಿನ ಚಿಲ್ಲರೆಯನ್ನೂ ಪೂರ್ಣ ಟನ್ನೆಂದು ಎಣಿಸಿ, ಆರು ಶಿಲ್ಲಿಂಗ್ ಆರು ಪೆನ್ನಿ ವಸೂಲು ಮಾಡಿದರು. ಸ್ಲೋಕಮ್ ಸುಮ್ಮನಿರಲಿಲ್ಲ. ದೋಣಿ ಹತ್ತಿ ನೋಡುವವರಿಗೆ ತಲೆಗೆ ಆರು ಪೆನ್ನಿ ಎಂದನು. ಆ ವ್ಯಾಪಾರ ಇಳಿದಾಗ ಒಂದು ಶಾರ್ಕ್ ಮೀನನ್ನು ಹಿಡಿದು, ಅದನ್ನು ನೋಡುವುದಕ್ಕೂ ಆರು ಪೆನ್ನಿ ಎಂದನು! ಊರೂರಿನಲ್ಲಿ ಉಪನ್ಯಾಸ ಮಾಡಿಯೂ ದಾರಿಯ ಖರ್ಚು ಹೊಂದಿಸಿದನು.

ದುಡಿಸಿಕೊಂಡ ದೋಣಿ ಋಣ ಇಟ್ಟುಕೊಳ್ಳಲಿಲ್ಲ. ಆಸ್ಟ್ರೇಲಿಯದ ಉತ್ತರದ ಥರ್ಸ್‌ಡೇ ದ್ವೀಪದಿಂದ ಹಿಂದೂ ಮಹಾಸಾಗರದ ಕೀಲಿಂಗ್ ದ್ವೀಪಗಳಿಗೆ 2,700 ಮೈಲಿ. 23 ದಿನದ ದಾರಿ. ಅಷ್ಟೂ ದಿನಗಳಲ್ಲಿ ಆತನು ಚುಕ್ಕಾಣಿ ಹಿಡಿದದ್ದು ಒಟ್ಟು ಮೂರು ಗಂಟೆಯೊಳಗೆ. ಹಾಯಿಗಳನ್ನು ಹದವಾಗಿ ಕಟ್ಟಿ, ಚುಕ್ಕಾಣಿಯನ್ನು ಬಿಗಿದುಬಿಟ್ಟರೆ ‘ಸ್ಪ್ರೇ’ ತನ್ನ ದಾರಿಯನ್ನು ತಾನೇ ಹಿಡಿಯುತ್ತಿತ್ತು. ಒಡೆಯನು ಓದುತ್ತ ಕುಳಿತಿರಬಹುದಾಗಿತ್ತು. 1898ರ ಜೂನ್ 27ರಂದು ನ್ಯೂಪೋರ್ಟ್ ತಲಪುವಾಗ 46,000 ಮೈಲಿಗಳಾಗಿದ್ದವು. ಒಬ್ಬಂಟಿಗನಾಗಿ ಹಾಯಿದೋಣಿಯಲ್ಲಿ ಭೂಮಿಯನ್ನು ಸುತ್ತಿದವರಲ್ಲಿ ಆತನೇ ಮೊದಲಿಗನು.

ನಮ್ಮ ನೆರೆಯ ಗೋವೆಯಲ್ಲಿ ನಡೆದ ಸಂಗತಿಯೂ ಈ ಮಾತನ್ನೇ ಹೇಳುತ್ತದೆ. ಅಲ್ಲಿಯ ದಿವಾರ್ ದ್ವೀಪದಲ್ಲಿ ಕಟ್ಟಿದ ‘ಮ್ಹಾದೆಯಿ’ ಎಂಬ ಹಾಯಿದೋಣಿಯಲ್ಲಿ ನೌಕಾಪಡೆಯ ದಿಲೀಪ್ ದೊಂಡೆ 2009ರಿಂದ 2010ರವರೆಗೆ ಒಬ್ಬರೇ ಭೂಪ್ರದಕ್ಷಿಣೆ ಮಾಡಿದರು. ಹೀಗೆ ಮಾಡಿದ ಮೊದಲ ಭಾರತೀಯರು ಅವರು. ದೋಣಿ ಕಟ್ಟುವ ಹಂತದಿಂದಲೇ ಅವರು ಅದರ ಜೊತೆಗಿದ್ದರು. 2017–18ರಲ್ಲಿ ಆರು ಮಂದಿ ಮಹಿಳಾ ಅಧಿಕಾರಿಗಳು ‘ತಾರಿಣಿ’ಯಲ್ಲಿ ಸುತ್ತಿಬಂದಾಗ, ಚುಕ್ಕಾಣಿಯ ಯಂತ್ರ ಕೆಟ್ಟು ಮಾರಿಷಸ್ಸಿನಲ್ಲಿ ನಿಂತು ಸರಿಪಡಿಸಿಕೊಂಡೇ ಮುಂದೆ ಬಂದರು. ಮರ ಹೋಗಿ ಫೈಬರ್‌ಗ್ಲಾಸ್ ಬಂದರೂ, ಉಪಗ್ರಹವು ದಾರಿ ತೋರಿದರೂ, ಸಮುದ್ರದ ನಡುವೆ ರಿಪೇರಿಯವನನ್ನು ಕರೆಯುವಂತಿಲ್ಲ.

ಆದ್ದರಿಂದ ನಿಮ್ಮಲ್ಲಿ ಯಾರಿಗಾದರೂ ದೋಣಿಯ ಆಸೆಯಿದ್ದರೆ, ಬೆಲೆಯನ್ನು ಕೇಳುವ ಮೊದಲು ನಿಮ್ಮ ಕೈಗಳನ್ನು ಕೇಳಿರಿ. ಹಗ್ಗ ಹೆಣೆಯಬಲ್ಲವೆ? ಹಾಯಿ ಹೊಲಿಯಬಲ್ಲವೆ? ಪ್ರತಿವರ್ಷವೂ ದೋಣಿಯನ್ನು ದಡಕ್ಕೆಳೆದು, ತಳಕ್ಕೆ ಅಂಟಿದ ಚಿಪ್ಪುಗಳನ್ನು ಹೆರೆದು ತೆಗೆಯುವಷ್ಟು ತಾಳ್ಮೆ ಉಂಟೆ?

ಸ್ಲೋಕಮನ ಕಥೆಯ ಕಡೆಯ ಭಾಗವನ್ನೂ ಹೇಳಬೇಕು. ತಿರುಗಿ ಬಂದಮೇಲೆ ಕೀರ್ತಿ ಬಂದಿತು, 1900ರಲ್ಲಿ ಪ್ರವಾಸದ ಪುಸ್ತಕ ಹೊರಬಂದಿತು, ಭೂಮಿಯನ್ನೂ ಕೊಂಡನು. ಆದರೆ ಮನೆಯಲ್ಲಿ ಮನಸ್ಸು ನಿಲ್ಲಲಿಲ್ಲ. ವಯಸ್ಸು ಏರಿತು. ದೋಣಿಯ ನಿಗಾ ಹಿಂದಿನಂತಿಲ್ಲವೆಂದು ಆ ವರ್ಷಗಳಲ್ಲಿ ಕಂಡವರು ಹೇಳಿದ್ದಾರೆ. 1909ರ ನವೆಂಬರಿನಲ್ಲಿ, ಅರುವತ್ತೈದರ ಪ್ರಾಯದಲ್ಲಿ, ಅದೇ ‘ಸ್ಪ್ರೇ’ಯನ್ನೇರಿ ದಕ್ಷಿಣಕ್ಕೆ ಹೊರಟನು. ಆಮೇಲೆ ಆತನನ್ನಾಗಲಿ ದೋಣಿಯನ್ನಾಗಲಿ ಯಾರೂ ಕಾಣಲಿಲ್ಲ.